ಸಮುದ್ರಕ್ಕೆ ಇಬ್ಬರು ಸಾಕ್ಷಿ

ನಟರಾಜುವಿನ ಗ್ರಹಚಾರ ಆ ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಫೋನಿನ ರೂಪದಲ್ಲಿ ಬಂತು. ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಅವನು “ಹಲೋ” ಅಂದ. ಹಾರೋಹಳ್ಳಿಯಿಂದ ಕಂಪನಿಯ ಮ್ಯಾನೇಜರು ಮಾತಾಡುತ್ತಿದ್ದರು.

“ನಟರಾಜು, ಇವತ್ತು ನಿಮ್ಮ ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸ್ನೋರು ಬರ್ತಾರೆ. ರಜಾ ಹಾಕಿ ಮನೇಲೇ ಇರಿ. ನಿಮ್ಮ ಬಗ್ಗೆ ಒಳ್ಳೇ ಮಾತು ಹೇಳೋಕೆ ಅಕ್ಕಪಕ್ಕದೋರು ಇಬ್ಬರು ಸಾಕ್ಷಿ ಬೇಕು. ಇದು ಕೆಟ್ಟರೆ ನಿಮ್ಮ ವಿಮಾನದ ಟಿಕೆಟ್ಟು ಪೇಂಟಿಂಗ್ ಸೆಕ್ಷನ್ನಿನ ಆಫ್ತಾಬ್‌ಗೆ ಹೋಗುತ್ತೆ. ಅವನ ಪಾಸ್‌ಪೋರ್ಟು ಆಗ್ಲೇ ರೆಡಿ ಐತೆ.”

ನಟರಾಜು ನೊರೆ ನುಂಗಿಬಿಟ್ಟ.

ಅವನ ಕಂಪನಿ ತಯಾರಿಸುತ್ತಿದ್ದುದು ಸಮುದ್ರದ ಅಲೆಯ ಮೇಲೆ ನಿಂತು ಜಾರುವ ಹಲಗೆಗಳನ್ನು. ಅದಕ್ಕೆ ಸರ್ಫಿಂಗ್ ಬೋರ್ಡು ಎಂದು ಹೆಸರು. ಅಲ್ಲಿ ಕೆಲಸ ಮಾಡುವ ಇನ್ನೂರು ಜನರಲ್ಲಿ ಸಮುದ್ರ ಕಂಡವರನ್ನು ಒಂದೇ ಕೈಯಲ್ಲಿ ಎಣಿಸಬಹುದಿತ್ತು. ಸೊಟ್ಟಗಾದ ಹಲಗೆಗಳನ್ನು ಕಂಪನಿ ಹೊರಗೆ ಹಾಕುತ್ತಿತ್ತು, ಅವು ಕೆಲಸದವರ ಹೆಗಲೇರಿ ಊರೂರು ಸೇರುತ್ತಿದ್ದವು. ಬೈರಮಂಗಲದಲ್ಲಿ ನಟರಾಜುವಿನ ಎದುರುಮನೆಯ ಹನುಮಂತಮ್ಮ ಒಂದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಪಕ್ಕದ ಮನೆಯ ಬೋರಲಿಂಗಯ್ಯ ಇನ್ನೊಂದನ್ನು ಚರಂಡಿಯ ಮೇಲೆ ಹಾಸಿ ಸೇತುವೆ ಮಾಡಿಕೊಂಡಿದ್ದ. ಅಲೆಯೊಂದನ್ನು ಬಿಟ್ಟು ಎಲ್ಲ ಕೆಲಸಕ್ಕೂ ಅವು ಬರುತ್ತಿದ್ದವು.

ಕಂಪನಿಯ ಗಿರಾಕಿಯೊಬ್ಬ ದೂರದ ಸಣ್ಣ ದ್ವೀಪದಲ್ಲಿ, ತೆಂಗಿನ ತೋಪಿನ ಪಕ್ಕದ ಕಡಲ ತೀರದ ಊರಿನಲ್ಲಿ ಅಂಗಡಿ ಇಟ್ಟಿದ್ದ. ಅವನು ಹೋದ ತಿಂಗಳು ಕಾಗದ ಬರೆದಿದ್ದ. ಹದಿನೇಳನೇ ನಂಬರಿನ ಕೆಲಸದವನು ಉಜ್ಜಿದ ಹಲಗೆಗಳು ಬೆಣ್ಣೆಯಂತಿವೆ, ಅವನನ್ನು ಒಂದು ವಾರ ಕಳಿಸಿ, ನಾನೇ ಅವನನ್ನು ಅಲೆಯ ಮೇಲೆ ನಿಲ್ಲಿಸುತ್ತೇನೆ, ಎಂದು. ಹದಿನೇಳನೇ ನಂಬರು ನಮ್ಮ ನಟರಾಜು.

ಅಂದಿನಿಂದ ಅವನ ಮನೆಯಲ್ಲಿ ಪ್ರಯಾಣದ ತಯಾರಿಯೋ ತಯಾರಿ. ಹೆಂಡತಿ ಲತಾಮಣಿ ಒಂದು ವಾರಕ್ಕಾಗುವಷ್ಟು ರಾಗಿಹಿಟ್ಟು, ಎರಡು ಬಾಟಲಿ ಉಪ್ಪಿನಕಾಯಿ, ಒಂದು ಉಣ್ಣೆ ಸ್ವೆಟರು ಬ್ಯಾಗಿಗೆ ತುಂಬಿದ್ದಳು. ಅಲ್ಲಿ ಸೆಖೆ ಅಂದರೆ ಕೇಳಲಿಲ್ಲ. ನಟರಾಜು ದಿನಾ ಸಂಜೆ ಹಿತ್ತಲಲ್ಲಿ ಒಂದು ಹಲಗೆಯನ್ನು ಹೊಟ್ಟಿನ ಚೀಲದ ಮೇಲಿಟ್ಟು, ಅದರ ಮೇಲೆ ಮಂಡಿ ಬಗ್ಗಿಸಿ ನಿಂತು, ಬೀಳುತ್ತಿದ್ದ. ನಾಲ್ಕು ವರ್ಷ ಅವನು ಬೆಳಗಿನಿಂದ ಸಂಜೆವರೆಗೆ ಉಜ್ಜಿದ್ದೇ ಉಜ್ಜಿದ್ದು. ಉಜ್ಜಿದ್ದು ಲಾರಿ ಹತ್ತಿ ಹೋಗುತ್ತಿತ್ತು. ಅದು ನೀರಿನ ಮೇಲೆ ಏನು ಮಾಡುತ್ತದೆ ಎಂದು ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ ಅವನ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಗುತ್ತಾರೆಂದು ಯಾರ ಹತ್ತಿರವೂ ಹೇಳಿರಲಿಲ್ಲ.

ಈಗ ಆ ಆಸೆ ಇಬ್ಬರು ನೆರೆಯವರ ನಾಲಿಗೆಯ ಮೇಲೆ ನಿಂತಿತ್ತು. ಹನುಮಂತಮ್ಮನದು ತೊಂದರೆಯಿರಲಿಲ್ಲ.

“ಅಯ್ಯೋ, ಹೇಳ್ತೀನಿ ಬುಡಪ್ಪ. ಬರೋವಾಗ ನಂಗೊಂದು ಶಂಖ ತತ್ತಾ. ದೊಡ್ಡದು. ಊದಿದ್ರೆ ಬಿಡದಿಗೆ ಕೇಳ್ಬೇಕು,” ಅಂದಳು.

ಬೋರಲಿಂಗಯ್ಯನದೇ ತೊಡಕು. ನಟರಾಜುವಿನ ಹಸು ಅವನ ಹಿಪ್ಪುನೇರಳೆ ಸೊಪ್ಪಿಗೆ ಬಾಯಿ ಹಾಕಿದಂದಿನಿಂದ ಮೂರು ತಿಂಗಳು ಎರಡು ಮನೆಗೂ ಮಾತಿಲ್ಲ. ನಟರಾಜು ಬಾಗಿಲಲ್ಲಿ ನಿಂತು ವಿಷಯ ಹೇಳಿದ. ಬೋರಲಿಂಗಯ್ಯ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡ.

“ನಾನು ಸುಳ್ಳೇಳಕಿಲ್ಲ ಕಣ್ಲಾ,” ಅಂದ.

“ಸುಳ್ಯಾಕೆ ಬೋರಣ್ಣ? ನಾನು ಒಳ್ಳೇವ್ನೇ ತಾನೇ?”

“ನೀನು ಒಳ್ಳೇವ್ನೇಯ. ನಿನ್ನ ಹಸ ಸರಿಯಿಲ್ಲ.” ಎಲೆ ಬಾಯಿಗಿಟ್ಟುಕೊಂಡ. “ಅಲ್ಲಾ, ಪೋಲೀಸ್ನೋನು ಬಿಸ್ಲಲ್ಲಿ ಬತ್ತಾನೆ. ಬರೀ ಬಾಯ್ಮಾತಿಗೆ ಬರ್ಕೊಂಡೋಗಕೆ ಅಂವೇನು ನಿನ್ ಬಾಮೈದ್ನಾ? ನಿಮ್ಮನೇಲಿ ಆ ಕೆಂಪುಂಜ ಐತಲ್ಲ.”

“ಅದು ಪಿಳ್ಳೆಯಿಂದ ಸಾಕಿದ್ದು ಬೋರಣ್ಣ.”

“ಸಾಕ್ಷಿ ಹೇಳೋರ್‌ಗೂ ಒಟ್ಟೆ ಐತೆ,” ಅಂದ ಬೋರಲಿಂಗಯ್ಯ, ಹುಂಜದ ವಿಷಯವನ್ನು ಅಲ್ಲಿಗೆ ಮುಗಿಸಿ.

ಹನ್ನೊಂದೂವರೆಗೆ, ನಟರಾಜು ಇಬ್ಬರು ಸಾಕ್ಷಿಗಳನ್ನೂ ತನ್ನ ಜಗಲಿಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಾಗ, ಬೀದಿಯ ತುದಿಯಲ್ಲಿ ಬೈಕಿನ ಸದ್ದಾಯಿತು. ಖಾಕಿ ಟೋಪಿ, ಖಾಕಿ ಹೊಟ್ಟೆ, ಕೈಯಲ್ಲೊಂದು ಬೆತ್ತ. ಪೇದೆ ಬೈಕು ನಿಲ್ಲಿಸಿ, “ಇಲ್ಲಿ ಬೋರಲಿಂಗಯ್ಯ ಅಂದ್ರೆ ಯಾರ್ರೀ?” ಎಂದು ಕೇಳಿದ.

ನಟರಾಜುವಿಗೆ ಆದ ಸಂತೋಷ ಹೇಳತೀರದು. ಸಾಕ್ಷಿಯ ಹೆಸರು ಕೂಡ ಗೊತ್ತು ಮಾಡಿಕೊಂಡೇ ಬಂದಿದ್ದಾರಲ್ಲ, ಇಲಾಖೆ ಅಂದರೆ ಹೀಗಿರಬೇಕು ಎಂದುಕೊಂಡ.

“ಇವ್ರೇ ಸಾ, ಬೋರಣ್ಣ! ಇವ್ರು ಹನುಮಂತಕ್ಕ. ಬನ್ನಿ ಸಾ, ಬಿಸ್ಲಲ್ಲಿ ಯಾಕೆ ನಿಂತ್ಕೊಂಡ್ರಿ, ಒಳಗೆ ಬನ್ನಿ. ಊಟಕ್ಕೆ ಇಲ್ಲೇ.”

ಪೇದೆಗೆ ಸೋಜಿಗವಾಯಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅವನನ್ನು ಒಳಗೆ ಕರೆದವರು ಕಡಿಮೆ. ಹಿತ್ತಲಿನ ಕಡೆಯಿಂದ ಹುಂಜದ ಕೊನೆಯ ಕೂಗು ಕೇಳಿದ ಮೇಲೆ ಅವನು ಪ್ರಶ್ನೆಗಳನ್ನು ಬದಿಗಿಟ್ಟು, ಟೋಪಿ ತೆಗೆದು ಮೊಳೆಗೆ ಸಿಕ್ಕಿಸಿ, ನಡುಮನೆಯ ಕುರ್ಚಿಯಲ್ಲಿ ಕೂತ.

ನಟರಾಜು ಹಿತ್ತಲಲ್ಲಿ ಪುಕ್ಕ ತರಿಯುತ್ತಿದ್ದ. ತಲೆಗೆ ಟವೆಲ್ಲು, ಮುಖಕ್ಕೆಲ್ಲ ಒಲೆಯ ಮಸಿ, ಬನಿಯನ್ನಿನ ಮೇಲೆ ಹುಂಜದ ನೆನಪು. ಒಳಗಿನಿಂದ ಸಾಕ್ಷಿಗಳ ದನಿ ಕೇಳುತ್ತಿತ್ತು.

“ನಮ್ಮ ನಟರಾಜನಂತೋನು ಈ ತಾಲ್ಲೂಕಲ್ಲೇ ಇಲ್ಲ ಸಾ,” ಅನ್ನುತ್ತಿದ್ದ ಬೋರಲಿಂಗಯ್ಯ. “ಇನ್ನೊಬ್ರ ಕಡ್ಡಿ ಮುಟ್ಟೋನಲ್ಲ.”

“ರಾತ್ರಿ ಒತ್ತು ಆಚೆ ತಿರುಗೋನೇ ಅಲ್ಲ,” ಅಂದಳು ಹನುಮಂತಮ್ಮ. “ಏನಾದ್ರೂ ಕಳುವಾದ್ರೆ ಅಂವನ ಹೆಸರು ಯಾರೂ ಹೇಳಕ್ಕಾಗಕಿಲ್ಲ. ಅಷ್ಟು ಒಳ್ಳೇವ್ನು.”

ಪೇದೆ ಹೂಂಗುಟ್ಟುತ್ತಾ ಜೇಬಿನ ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಂಡ. ಬಾಗಿಲ ಸಂದಿಯಿಂದ ಅದನ್ನು ಕಂಡ ನಟರಾಜುವಿಗೆ ಕಣ್ಣು ತುಂಬಿ ಬಂತು. ಮೂರು ತಿಂಗಳು ಮಾತು ಬಿಟ್ಟವನ ಬಾಯಲ್ಲಿ ಇಂಥ ಮಾತು ಬಂದರೆ ಯಾರಿಗಾದರೂ ಬರುತ್ತದೆ. ಸ್ವಲ್ಪ ಹೊಗೆಯೂ ಇತ್ತು.

ಆಗ ಗೇಟಿನಲ್ಲಿ ಯಾರೋ ಕೆಮ್ಮಿದರು.

ಹೊರಗೆ ಬಂದು ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಕನ್ನಡಕ, ಮೆದುವಾದ ದನಿ, ಕಂಕುಳಲ್ಲಿ ಫೈಲು.

“ದೊಡ್ಡಮರೀಗೌಡರ ಮಗ ನಟರಾಜು ಅನ್ನೋರ ಮನೆ ಇದೇನಾ?”

ಫೈಲು ಕಂಡದ್ದೇ ನಟರಾಜು ಗೇಟಿಗೆ ಅಡ್ಡ ನಿಂತ. ಆ ವರ್ಷ ಬಿಡದಿ ಸುತ್ತಿನ ಹಳ್ಳಿಗಳಲ್ಲಿ ಫೈಲು ಹಿಡಿದವನಿಗಿಂತ ಹಾವು ಹಿಡಿದವನೇ ವಾಸಿ ಎನ್ನುವಂತಿತ್ತು. ಕೈಗಾರಿಕೆಗೆ ಇನ್ನಷ್ಟು ಜಮೀನು ಹೋಗುತ್ತದೆ, ನೋಟೀಸು ಬರುತ್ತದೆ ಎಂಬ ಸುದ್ದಿ. ಹಾಗಾಗಿ ಹಾಲಿನ ಡೇರಿಯ ಜಗಲಿಯಲ್ಲಿ ಊರವರು ಸೇರಿ ತೀರ್ಮಾನ ಮಾಡಿದ್ದರು. ಫೈಲು ಹಿಡಿದವನು ಬಂದು ಯಾರ ಹೆಸರು ಕೇಳಿದರೂ ಅಂಥವನು ಊರಲ್ಲಿಲ್ಲ ಅನ್ನಬೇಕು. ಸಹಿ ಕೇಳಿದರೆ ಬೇರೆಯವರ ಹೆಸರು ಬರೆಯಬೇಕು. ಎದ್ದು ನಿಂತು ಈ ಉಪಾಯ ಹೇಳಿಕೊಟ್ಟವನು ನಟರಾಜುವೇ. ಕಂಪನಿ ಕೆಲಸದವನ ತಲೆಯೇ ತಲೆ ಎಂದು ಅಂದು ಎಲ್ಲರೂ ಹೊಗಳಿದ್ದರು.

“ಯಾವ ನಟರಾಜು ಸಾ? ಆ ಕಂಪನಿಗೋಗ್ತಿದ್ನಲ್ಲ, ಅಂವನಾ? ಅಂವ ಊರು ಬುಟ್ಟೋಗಿ ಒಂದೊರ್ಸ ಆಯ್ತು,” ಅಂದ.

“ಹೌದಾ? ಹೆಂಡತಿ ಮಕ್ಕಳು?”

“ಎಲ್ರನ್ನೂ ಕರ್ಕೊಂಡೋದ.”

ಸರಿಯಾಗಿ ಆಗಲೇ ಲತಾಮಣಿ ಒಳಗಿನಿಂದ, “ಏನೂಂದ್ರೆ, ಕೊತ್ಮಿರಿ ಸೊಪ್ಪು ಎಲ್ಲಿ ಮಡಗಿದ್ದೀರಿ?” ಎಂದು ಕೂಗಿದಳು. ಗಂಡನನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ಅವಳಿಗಿರಲಿಲ್ಲ. ನಟರಾಜು ಮನಸ್ಸಿನಲ್ಲೇ ಅತ್ತೆ ಮಾವಂದಿರಿಗೆ ಕೈಮುಗಿದ.

“ಮತ್ತೆ ತಾವು?”

“ನಾನು ಬೋರಲಿಂಗಯ್ಯ ಅಂತ ಸಾ. ಈಗ ಈ ಮನೇಲಿ ನಾನೇ ಇವ್ನಿ.”

ಆ ಮನುಷ್ಯ ಫೈಲು ತೆರೆದು ಒಳಗೊಮ್ಮೆ ನೋಡಿದ, ಇವನ ಮಸಿ ಮುಖವನ್ನೊಮ್ಮೆ ನೋಡಿದ. ಆಮೇಲೆ ನಾಲ್ಕು ಸಾಲು ಬರೆದು ಪೆನ್ನು ಮುಂದೆ ಹಿಡಿದ. “ಅವರು ಇಲ್ಲಿಲ್ಲ ಅಂತ ಒಂದು ಸೈನ್ ಹಾಕಿಬಿಡಿ.” ಓದುತ್ತಾ ನಿಂತರೆ ಮಾತು ಬೆಳೆಯುತ್ತದೆಂದು ನಟರಾಜು ಓದಲಿಲ್ಲ. ಅರಿಶಿನದ ಕೈಯನ್ನು ಟವೆಲ್ಲಿಗೆ ಒರೆಸಿ, ಬೋರಲಿಂಗಯ್ಯ ಜನ್ಮದಲ್ಲಿ ಹಾಕದಷ್ಟು ಅಂದವಾದ ಸಹಿ ಹಾಕಿ, ಜಮೀನು ಉಳಿಸಿಕೊಂಡ ಹೆಮ್ಮೆಯಿಂದ ಒಳಗೆ ಬಂದ.

ಊಟ ಜೋರಾಯಿತು. ಪೇದೆ ಮೂರು ಮುದ್ದೆ ನುಂಗಿದ. ಸಾಕ್ಷಿಗಳೂ ತಮ್ಮ ಪಾಲಿನ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ನಟರಾಜು ಬಡಿಸುತ್ತಾ, ಮನಸ್ಸಿನಲ್ಲಿ ಆಗಲೇ ವಿಮಾನದ ಕಿಟಕಿಯ ಪಕ್ಕ ಕೂತಿದ್ದ.

ಪೇದೆ ಕೈ ತೊಳೆದು, ತೇಗಿ, ಪುಸ್ತಕ ತೆಗೆದ. “ಈಗ ಹೇಳಿ ಬೋರಲಿಂಗಯ್ಯನೋರೇ. ಮೋಟರು ಎಷ್ಟು ಎಚ್‌ಪಿ?”

“ಯಾವ ಮೋಟ್ರು ಸಾ?”

“ತೋಟದಲ್ಲಿ ಪಂಪ್‌ಸೆಟ್ಟು ಕಳುವಾಗಿದೆ ಅಂತ ಹೋದ ವರ್ಷ ಕಂಪ್ಲೇಂಟ್ ಕೊಟ್ಟಿದ್ರಲ್ರೀ. ಅದಕ್ಕೇ ಬಂದಿರೋದು ನಾನು.”

ನಟರಾಜು ಸಾರಿನ ಪಾತ್ರೆ ಹಿಡಿದೇ ನಿಂತಿದ್ದ.

“ಸಾ... ಪಾಸ್‌ಪೋರ್ಟು?”

“ಅದು ನನ್ನ ಕೆಲಸ ಅಲ್ವಲ್ಲ. ಅದಕ್ಕೆ ಬೇರೆಯೋರು ಬರ್ತಾರೆ, ಮಫ್ತೀಲಿ. ಬಿಳಿ ಶರ್ಟು, ಕನ್ನಡಕ, ಕೈಯಲ್ಲೊಂದು ಫೈಲು. ಬರೋವಾಗ ಬಸ್ ಸ್ಟಾಪಲ್ಲಿ ನೋಡ್ದೆ.” ಪೇದೆ ಕಣ್ಣು ಕಿರಿದು ಮಾಡಿದ. “ಅದಿರ್ಲಿ. ನಾನು ಮೋಟರಿನ ಸುದ್ದಿ ಎತ್ತೋಕ್ಕಿಂತ ಮುಂಚೇನೇ ಇವರಿಬ್ರೂ ನೀನು ಕಳ್ಳ ಅಲ್ಲ, ಕಳ್ಳ ಅಲ್ಲ ಅಂತ ಯಾಕೆ ಹೇಳಿದ್ರು? ಹುಂಜ ಬೇರೆ ಕುಯ್ದಿದ್ದೀಯ. ನಂಗೀಗ ನಿನ್ ಮೇಲೇ ಡೌಟು.”

ನಟರಾಜು ಪಾತ್ರೆ ಬಿಟ್ಟು ಓಡಿದ.

“ನೋಡಿ, ಓಡ್ತಾವ್ನೆ!” ಅಂದ ಪೇದೆ. ಆದರೆ ಮೂರನೇ ಮುದ್ದೆ ಅವನನ್ನು ಏಳಗೊಡಲಿಲ್ಲ.

ಬಸ್ ಸ್ಟಾಪಿನ ಕಟ್ಟೆಯ ಮೇಲೆ ಬಿಳಿ ಅಂಗಿಯವನು ಕಡಲೆಕಾಯಿ ಸುಲಿಯುತ್ತಾ ಕೂತಿದ್ದ. ನಟರಾಜು ಏದುಸಿರು ಬಿಡುತ್ತಾ ಎದುರು ನಿಂತ.

“ಸಾ, ಆ ನಟರಾಜು ಇವ್ನೆ ಸಾ! ಊರಲ್ಲೇ ಇವ್ನೆ!”

“ಸಂತೋಷ. ಎಲ್ಲಿ?”

“ನಾನೇ ಸಾ.”

ಆತ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಕಾಲಿಗಾದರೂ ಬೀಳಬಹುದಿತ್ತು. ಸಾವಧಾನವಾಗಿ ಫೈಲು ತೆರೆದು ಅದರಲ್ಲಿದ್ದ ಫೋಟೋ ತೋರಿಸಿದ. ಸ್ಟುಡಿಯೋದವರ ಕೋಟು, ಸ್ಟುಡಿಯೋದವರ ಟೈ, ಕಾಲಿಂಚು ಪೌಡರು. ನಟರಾಜುವಿಗೇ ಅದು ಯಾರೋ ಸಾಹುಕಾರರ ಮನೆ ಹುಡುಗನಂತೆ ಕಂಡಿತು.

“ನೋಡಿ,” ಅಂದ ಆತ ಮೇಷ್ಟರ ದನಿಯಲ್ಲಿ. “ನೀವು ನಟರಾಜು ಆದ್ರೆ, ಸರ್ಕಾರಿ ಕಾಗದದ ಮೇಲೆ ಇನ್ನೊಬ್ಬರ ಹೆಸರಲ್ಲಿ ಸೈನ್ ಮಾಡಿದ್ದೀರಿ. ಅದಕ್ಕೆ ಕೇಸಾಗುತ್ತೆ. ಕೇಸಿದ್ರೆ ಪಾಸ್‌ಪೋರ್ಟ್ ಬರಲ್ಲ. ನೀವು ಬೋರಲಿಂಗಯ್ಯ ಆದ್ರೆ, ನಟರಾಜು ಊರಲ್ಲಿಲ್ಲ. ಆಗಲೂ ಬರಲ್ಲ. ಅಗೋ, ಬಸ್ಸು ಬಂತು. ಬೇಗ ಹೇಳಿ, ನೀವು ಯಾರು?”

ನಟರಾಜು ಬಸ್ಸಿನ ಕಡೆ ನೋಡಿದ. ತಾನು ಕೈಯಾರೆ ಉಜ್ಜಿದ ಹಲಗೆಯ ಮೇಲೆ ಆಫ್ತಾಬ್ ನಿಂತಿರುವುದು ಕಣ್ಣಿಗೆ ಕಟ್ಟಿತು.

“ಬೋರಲಿಂಗಯ್ಯ ಸಾ,” ಅಂದ.

“ಒಳ್ಳೇದು.” ಆತ ಪೆನ್ನು ತೆಗೆದ. “ನಟರಾಜು ಈಗ ಎಲ್ಲಿದ್ದಾರೆ ಅನ್ನೋ ಜಾಗ ಒಂದು ಖಾಲಿ ಬಿಟ್ಟಿದ್ದೆ. ಗೊತ್ತಿದ್ರೆ ಹೇಳಿ, ತುಂಬಿಬಿಡ್ತೀನಿ.”

ನಟರಾಜು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

“ಸಮುದ್ರದ ದಡದಲ್ಲಿ ಅಂತ ಬರ್ಕೊಳ್ಳಿ ಸಾ,” ಅಂದ.