ಒಂಟಿ ಸೀನಿಗೆ ಒಗ್ಗರಣೆ

ನಮ್ಮನೇಲಿ ಯಾವ ಕೆಲಸವೂ ನೆಟ್ಟಗೆ ನಡೆಯಲ್ಲ ಕಣಪ್ಪ. ನಾನು ಸುಮ್ಮನೆ ಕೂರೋ ಆಸಾಮಿಯಲ್ಲ, ಅದೇ ಎಡವಟ್ಟು.

ಎಣ್ಣೆಗೆ ರಜ

ಹಿಂದೂಪುರದಲ್ಲಿ ನಂದೊಂದು ರೇಷ್ಮೆ ಸೀರೆ ಅಂಗಡಿ. ಎಣ್ಣೆ ತಿಂದ್ರೆ ಗುಂಡಿಗೆಗೆ ಕೇಡು ಅಂತ ಫೋನಲ್ಲಿ ಯಾರೋ ಹೇಳಿದ್ದು ಕೇಳಿ, ಮನೇಲಿ ಎಣ್ಣೆ, ತುಪ್ಪ, ಕಡ್ಲೆಕಾಯಿ ಚಟ್ನಿ ಎಲ್ಲಾ ಬಂದ್ ಮಾಡಿಸ್ಬುಟ್ಟೆ. ಬರೀ ನೀರಲ್ಲಿ ಬೆಂದ ಸೊಪ್ಪು, ಹಸಿ ಕ್ಯಾರೆಟ್ಟು. ಕೆಲವು ತಿಂಗಳಿಗೆ ನೆಗಡಿ ಶುರುವಾಯ್ತು ನೋಡಿ, ಒಂದು ಹೋಗೋದ್ರೊಳಗೆ ಇನ್ನೊಂದು. ನಾನು ಸೀರೆ ಬಿಚ್ಚಿದ್ರೆ ಗಿರಾಕಿಗಳು ಬಾಗಿಲ ಕಡೆ ಸರೀತಿದ್ರು. "ಮೊದ್ಲು ಸೀನ್ಕೊಂಡ್ಬಿಡಣ್ಣ, ಸೆರಗು ಆಮೇಲೆ ತೋರ್ಸು" ಅಂದ್ಳು ಸೋಮಂದೇಪಲ್ಲಿಯ ಒಬ್ಬಾಕೆ.

ಅಷ್ಟರಲ್ಲಿ ಕಲ್ಯಾಣದುರ್ಗದ ಗಂಡಿನ ಕಡೆಯವರಿಂದ ಮಗಳನ್ನ ನೋಡೋಕೆ ಬತ್ತೀವಿ ಅಂತ ಸುದ್ದಿ ಬಂತು. ಹುಡುಗ ಹುಡುಗಿ ಆಗಲೇ ಒಪ್ಪಿದ್ರು. ಆದ್ರೆ ಹುಡುಗನ ಅಪ್ಪನಿಗೆ ಶಕುನದ ಹುಚ್ಚು. ಮಾತಿನ ನಡುವೆ ಒಂಟಿ ಸೀನು ಬಿದ್ರೆ ಎದ್ದು ಹೋಗೋ ಮನುಷ್ಯ, ಜೋಡಿ ಸೀನಾದ್ರೆ ಶುಭ. ನನ್ನ ಮೂಗು ನೆನೆಸ್ಕೊಂಡು ಮಗಳು ಅಳೋಕೆ ಕೂತ್ಳು. ನಾನು ಮೂಗು ಹಿಡ್ಕೊಂಡು ಡಾಕ್ಟರಮ್ಮನ ಹತ್ರ ಓಡ್ದೆ.

ಡಾಕ್ಟರಮ್ಮನ ಬೈಗುಳ

ಡಾಕ್ಟರಮ್ಮ ನನ್ನ ಊಟದ ಕಥೆ ಕೇಳಿ ತಲೆ ಚಚ್ಕೊಂಡ್ರು. "ಸೊಪ್ಪು, ಕ್ಯಾರೆಟ್‌ನಲ್ಲಿರೋ ವಿಟಮಿನ್ ಮೈಗೆ ಹತ್ತಬೇಕಾದ್ರೆ ಒಂಚೂರು ಎಣ್ಣೆ ಬೇಕು. ಅದು ಹತ್ತದಿದ್ರೆ ರೋಗ ತಡೆಯೋ ಶಕ್ತಿನೂ ಸೊರಗುತ್ತೆ" ಅಂದ್ರು.

ಸರಿಬಿಡು, ಶಕ್ತಿ ಬೇಗ ಬರ್ಲಿ ಅಂತ ಒಂದು ಲೋಟ ಗಾಣದೆಣ್ಣೆ ಎತ್ತಿ ಕುಡುದ್ಬುಟ್ಟೆ. ಅವತ್ತು ಅಂಗಡಿ ಬಾಗಿಲು ತೆಗೆಯೋಕೆ ಪುರುಸೊತ್ತಾಗಲಿಲ್ಲ, ಕಕ್ಕಸಿನ ಬಾಗಿಲೇ ಸಾಕಾಯ್ತು. ಎಣ್ಣೆ ಔಷಧಿಯಲ್ಲ, ಊಟದ ಜೊತೆ ಹಿತಮಿತವಾಗಿ ತಿನ್ನಿ ಅಂತ ಮತ್ತೆ ಬೈಸ್ಕೊಂಡು ಬಂದೆ. ಅವತ್ತಿಂದ ಒಗ್ಗರಣೆ ಹಾಕಿದ ಸೊಪ್ಪು, ಅಗಸೆ ಬೀಜದ ಚಟ್ನಿಪುಡಿ. ಹೆಂಡತಿ ಮುಖವೂ ಅರಳ್ತು, ನಿಧಾನಕ್ಕೆ ನನ್ನ ಮೂಗೂ ಒಣಗ್ತು.

ಹೆಣ್ಣು ನೋಡೋ ದಿನ

ಬಂದ್ರು, ಕೂತ್ರು, ಮಾತು ಕುದುರ್ತು. ತಾಂಬೂಲದ ತಟ್ಟೆಗೆ ಕೈ ಚಾಚಿದ ಹುಡುಗನ ಅಪ್ಪ, ತಾನೇ ಸೀನ್ಬುಟ್ಟ. ಒಂದೇ ಒಂದು.

ಕೈ ಹಿಂದಕ್ಕೆ ಹೋಯ್ತು. ಮಗಳ ಮುಖ ಬಿಳಿಚ್ಕೊಂತು. ಜೋಡಿ ಮಾಡೋಕೆ ಇನ್ನೊಂದು ಸೀನು ಬೇಕು, ನಾನೇ ಸೀನೋಣ ಅಂದ್ರೆ ಬರ್ತಾನೇ ಇಲ್ಲ. ಕಿಟಕಿ ಹತ್ರ ಹೋಗಿ ಸೂರ್ಯನ ಕಡೆ ಮುಖ ಎತ್ತಿದೆ, ಮೂಗಿನ ಕೂದಲು ಕಿತ್ತೆ. ಹಾಳಾದ್ದು, ತಿಂಗಳುಗಟ್ಟಲೆ ಬೇಡ ಬೇಡ ಅಂದ್ರೂ ಬಂದಿದ್ದು ಬೇಕಾದಾಗ ಬರಲೇ ಇಲ್ಲ.

ಬಾಗಿಲ ಸಂದಿಯಿಂದ ನೋಡ್ತಿದ್ದ ಹೆಂಡತಿ ಕಾದ ಎಣ್ಣೆಗೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದ್ಬುಟ್ಳು. ಘಾಟು ನಡುಮನೆಗೆ ನುಗ್ತು. ಹುಡುಗ, ಹುಡುಗಿ, ಹುಡುಗನ ಅಮ್ಮ, ಜೊತೆಗೆ ಬಂದಿದ್ದ ಪುರೋಹಿತರು, ಎಲ್ಲರೂ ಸೀನಿದ್ದೇ ಸೀನಿದ್ದು. ಇನ್ನು ಒಂಟಿ ಯಾವುದು, ಜೋಡಿ ಯಾವುದು? ಹುಡುಗನ ಅಪ್ಪ ನಗ್ತಾ ತಟ್ಟೆ ತಗೊಂಡ. ನನಗೆ ಹೋದ ಜೀವ ಬಂದಂಗಾಯ್ತು.

ಅವನು ಕಣ್ಣು ಒರೆಸ್ಕೊಂಡು ನನ್ನನ್ನೇ ಅನುಮಾನದಿಂದ ನೋಡಿದ. "ಏಂ ಬಾವಗಾರೂ, ಏನ್ ಬೀಗರೇ ಇದು, ಮನೆಮಂದಿಯೆಲ್ಲ ಸೀನಿದ್ರು, ನೀವೊಬ್ಬರೇ ಸೀನಲಿಲ್ಲ. ಈ ಸಂಬಂಧ ನಿಮಗೆ ಇಷ್ಟ ಇಲ್ವಾ?"