ನಮ್ಮವರ ಕೈಗೆ ಕೊಟ್ಟ ಲ್ಯಾಪ್‌ಟಾಪ್

ಕಂಡ ಅಂಗಡಿಗೆ ಹೋಗಿ, ಕೆಲಸ ಹೇಳಿ, ಮುಗಿಸಿಕೊಂಡು ಬರುವುದು ನಮ್ಮ ಕರಾವಳಿಯ ಜನರ ಜಾಯಮಾನಕ್ಕೆ ಒಗ್ಗದ ಸಂಗತಿ. ಬಹರೈನಿಗೆ ಬಂದಮೇಲೆ ನನ್ನ ಕೂದಲು ಬೆಳ್ಳಗಾಯಿತು, ಬೆಳ್ಳಗಾದ ಕೂದಲೂ ಈಗ ಅಷ್ಟಾಗಿ ಉಳಿದಿಲ್ಲ. ಇಷ್ಟು ಕಾಲದಲ್ಲಿ ನಾನು ಹಲ್ಲು ಕೀಳಿಸಿಕೊಂಡದ್ದಾಗಲಿ, ಹಳೆಯ ಕಾರು ಕೊಂಡದ್ದಾಗಲಿ, ಕೊನೆಗೆ ಮನೆಗೊಂದು ಒಳ್ಳೆಯ ತೆಂಗಿನಕಾಯಿ ತಂದದ್ದಾಗಲಿ ನೇರವಾಗಿ ನಡೆದದ್ದೇ ಇಲ್ಲ. ಎಲ್ಲವೂ ‘ಅಲ್ಲಿ ನಮ್ಮವರೊಬ್ಬರು ಇದ್ದಾರೆ’ ಎಂಬ ಮಾತಿನಿಂದ ಶುರುವಾಗಬೇಕು. ಅಂಗಡಿಯವನ ಮೇಲೆ ನಮಗೆ ನಂಬಿಕೆಯಿಲ್ಲ; ಅಂಗಡಿಯವನನ್ನು ಬಲ್ಲವನ ಮೇಲೆ ಎಲ್ಲಿಲ್ಲದ ನಂಬಿಕೆ. ನಮ್ಮ ಕಟ್ಟಡದ ಕೆಳಗೇ ಒಂದು ಕ್ಷೌರದಂಗಡಿ ಇದೆ. ಆದರೂ ನಾನು ಮುಹರ್ರಕಿನವರೆಗೆ ಕಾರು ಓಡಿಸಿಕೊಂಡು ಹೋಗಿ ತಲೆ ಒಪ್ಪಿಸಿ ಬರುತ್ತೇನೆ. ಏಕೆಂದರೆ ಅಲ್ಲಿನ ಕ್ಷೌರಿಕ ನಮ್ಮವರಿಗೆ ಗೊತ್ತಿರುವವನು. ಅವನು ಚೆನ್ನಾಗಿ ಕತ್ತರಿಸುತ್ತಾನೆಂದು ನಾನು ಹೇಳುತ್ತಿಲ್ಲ, ಗೊತ್ತಿರುವವನು ಎಂದಷ್ಟೇ ಹೇಳುತ್ತಿದ್ದೇನೆ.

ಇಂಥ ಊರಿನಲ್ಲಿ ನನಗೊಂದು ಬಿರುದು ಅಂಟಿಕೊಂಡಿದೆ. ನನ್ನ ಹೆಸರು ವಿಲ್ಫ್ರೆಡ್. ಕಟ್ಟಡ ಸಾಮಗ್ರಿಯ ಕಂಪೆನಿಯೊಂದರ ಗೋದಾಮಿನಲ್ಲಿ ಎಷ್ಟು ಪೈಪು ಬಂತು, ಎಷ್ಟು ಹೋಯಿತು ಎಂದು ನೋಡಿಕೊಳ್ಳುವುದು ನನ್ನ ಉದ್ಯೋಗ. ಆದರೆ ನಮ್ಮವರ ನಡುವೆ ನಾನು ‘ಕಂಪ್ಯೂಟರ್ ವಿಲ್ಲಿ’. ಇದಕ್ಕೆ ಕಾರಣ ಒಂದು ಪ್ರೊಜೆಕ್ಟರ್. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಸಭಾಂಗಣದಲ್ಲಿ ಹಬ್ಬದ ದಿನ ಪರದೆಯ ಮೇಲೆ ಚಿತ್ರ ಬಾರದೆ, ಸೂಟು ಹಾಕಿಕೊಂಡ ಗಂಡಸರೆಲ್ಲ ಅದರ ಸುತ್ತ ನಿಂತು ತಲೆಗೊಂದು ಸಲಹೆ ಕೊಡುತ್ತಿದ್ದರು. ಬಿರಿಯಾನಿ ತಣ್ಣಗಾಗುತ್ತಿದೆಯಲ್ಲ ಎಂಬ ಸಂಕಟಕ್ಕೆ ನಾನು ಹೋಗಿ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದೆ. ಚಿತ್ರ ಬಂತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನಿಂತು ‘ನನಗೇನೂ ಗೊತ್ತಿಲ್ಲ’ ಎಂದು ಹೇಳುವ ಎದೆಗಾರಿಕೆ ಎಷ್ಟು ಮಂದಿಗಿದೆ? ನನಗಂತೂ ಇರಲಿಲ್ಲ.

ಅಂದಿನಿಂದ ಮನೆಗೆ ಕಾಯಿಲೆ ಬಿದ್ದ ಯಂತ್ರಗಳು ಬರತೊಡಗಿದವು. ನನ್ನ ಚಿಕಿತ್ಸಾಕ್ರಮ ಸರಳ. ಮೊದಲು ಗಂಭೀರವಾಗಿ ‘ಆಫ್ ಮಾಡಿ ಆನ್ ಮಾಡಿದ್ದೀರಾ?’ ಎಂದು ಕೇಳುವುದು. ಮಾಡಿದ್ದೇವೆ ಎಂದರೆ, ‘ಹಾಗಾದರೆ ಮದರ್‌ಬೋರ್ಡ್ ಇರಬೇಕು’ ಎಂದು ನಿಟ್ಟುಸಿರು ಬಿಡುವುದು. ಮದರ್‌ಬೋರ್ಡ್ ಅನ್ನುವುದನ್ನು ನಾನು ಈ ಜನ್ಮದಲ್ಲಿ ಕಣ್ಣಾರೆ ಕಂಡವನಲ್ಲ. ಆದರೂ ಆ ಮಾತು ಹೇಳಿದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ಸಮಾಧಾನ ಮೂಡುತ್ತದೆ, ದೊಡ್ಡ ಡಾಕ್ಟರು ದೊಡ್ಡ ರೋಗದ ಹೆಸರು ಹೇಳಿದಾಗ ಮೂಡುವಂಥದ್ದು. ಆಮೇಲೆ ಆ ಯಂತ್ರವನ್ನು ಗಿಲ್ಬರ್ಟನಿಗೆ ದಾಟಿಸುತ್ತೇನೆ. ಗಿಲ್ಬರ್ಟ್ ನನ್ನ ಜೊತೆ ಇಗರ್ಜಿಯ ಗಾಯನವೃಂದದಲ್ಲಿ ಹಾಡುವವನು, ಹೊಟೇಲಿನಲ್ಲಿ ಕೆಲಸ, ದ್ವೀಪದ ಉದ್ದಗಲಕ್ಕೂ ಪರಿಚಯ. ಅವನಿಗೆ ಗೊತ್ತಿರುವ ಯಾರೋ ಇದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂಬಲ್ಲಿಗೆ ನನ್ನ ವೈದ್ಯಕೀಯ ಮುಗಿಯುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ಮಗಳು ಅನೀಶಾಳ ಲ್ಯಾಪ್‌ಟಾಪೇ ಕಣ್ಣು ಮುಚ್ಚಿತು. ಅವಳು ಹನ್ನೆರಡನೆಯ ತರಗತಿ. ವರ್ಷವಿಡೀ ಕೂತು ಮಾಡಿದ ಶಾಲೆಯ ಪ್ರಾಜೆಕ್ಟ್ ಅದರೊಳಗಿತ್ತು, ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಈ ವಿಷಯದಲ್ಲಿ ಅವಳು ನನ್ನ ಮಗಳೇ. ಪ್ರಾಜೆಕ್ಟ್ ಒಪ್ಪಿಸದಿದ್ದರೆ ಅಂಕ ಹೋಗುತ್ತದೆ, ಅಂಕ ಹೋದರೆ ಕಾಲೇಜು ಹೋಗುತ್ತದೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಕೊಂಕಣಿಯಲ್ಲಿ ಅತ್ತಳು. ಅವಳು ಕೊಂಕಣಿಗೆ ಇಳಿದಳೆಂದರೆ ಪರಿಸ್ಥಿತಿ ಕೈಮೀರಿದೆ ಎಂದು ಅರ್ಥ. ನಾನು ಅವಳ ತಲೆ ಸವರಿ, ‘ಪಪ್ಪ ಇದ್ದೇನಲ್ಲ’ ಎಂದೆ. ಅವಳು ಇನ್ನೂ ಜೋರಾಗಿ ಅತ್ತಳು.

ಮನಾಮಾದಲ್ಲಿ ಕಂಪ್ಯೂಟರ್ ಅಂಗಡಿಗಳ ಒಂದು ಬೀದಿಯೇ ಇದೆ ಎಂದು ನನ್ನ ಹೆಂಡತಿ ಲವೀನಾ ನೆನಪಿಸಿದಳು. ಇದೆ, ಇಲ್ಲವೆಂದವರು ಯಾರು? ಒಮ್ಮೆ ಅಂಥ ಅಂಗಡಿಗೆ ಗೋದಾಮಿನ ಕೀಬೋರ್ಡ್ ಹಿಡಿದುಕೊಂಡು ಹೋಗಿದ್ದೆ. ಅಂಗಡಿಯವನು ಅದನ್ನು ತಲೆಕೆಳಗೆ ಮಾಡಿ, ಒಳಗಿಂದ ಉದುರಿದ ಬಿಸ್ಕತ್ತಿನ ಚೂರುಗಳನ್ನು ನೋಡಿ, ನನ್ನನ್ನೂ ನೋಡಿ, ‘ಬುಕ್ರಾ’ ಎಂದ. ಬುಕ್ರಾ ಎಂದರೆ ಅರಬ್ಬಿಯಲ್ಲಿ ನಾಳೆ. ಈ ನಾಡಿನ ಬುಕ್ರಾಕ್ಕೆ ತಾರೀಕು ಇರುವುದಿಲ್ಲವೆಂದು ತಿಳಿಯಲು ನನಗೆ ಬಹಳ ನಾಳೆಗಳು ಬೇಕಾದವು. ಆದರೆ ನಾನು ಈ ಸಲ ಅಂಗಡಿಗೆ ಹೋಗದಿದ್ದುದಕ್ಕೆ ಬುಕ್ರಾ ಕಾರಣವಲ್ಲ. ಸ್ವಂತ ಮನೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಕಂಪ್ಯೂಟರ್ ವಿಲ್ಲಿ ಆ ಬೀದಿಯಲ್ಲಿ ನಡೆಯುವುದನ್ನು ಯಾರಾದರೂ ನೋಡಿದರೆ? ಇಲ್ಲಿ ರಜೆ ಶುಕ್ರವಾರ, ಇಗರ್ಜಿಯ ಪೂಜೆಗೆ ಎಲ್ಲರೂ ಸೇರುವುದೂ ಅಂದೇ; ಅದಕ್ಕೆ ಮುಂಚೆಯೇ ಸುದ್ದಿ ದೂರದ ಅವಾಲಿಯವರೆಗೆ ಹಬ್ಬಿರುತ್ತದೆ. ಪ್ರೊಜೆಕ್ಟರಿನಿಂದ ಗಳಿಸಿದ ಮಾನ ಒಂದು ಲ್ಯಾಪ್‌ಟಾಪಿನಿಂದ ಹೋಗಬಾರದಲ್ಲ.

ಹಾಗಾಗಿ ಅದನ್ನು ಸ್ನಾನದ ಟವೆಲಿನಲ್ಲಿ ಸುತ್ತಿ, ಗೋದಾಮಿನ ಉದ್ದ ಬೂಟಿನ ರಟ್ಟಿನ ಡಬ್ಬದಲ್ಲಿಟ್ಟು, ಅಡ್ಡಕ್ಕೂ ಉದ್ದಕ್ಕೂ ಟೇಪು ಬಿಗಿದು ಗಿಲ್ಬರ್ಟನಿಗೆ ಕೊಟ್ಟೆ. ನನ್ನ ಸ್ನೇಹಿತನೊಬ್ಬನದು, ಪಾಪ, ತುಂಬ ಅವಸರದಲ್ಲಿದ್ದಾನೆ ಎಂದೆ. ಮದರ್‌ಬೋರ್ಡ್ ಎಂದೂ ಸೇರಿಸಿದೆ. ಗಿಲ್ಬರ್ಟ್ ಅದನ್ನು ಎತ್ತಿ ತೂಗಿ ನೋಡಿ, ಹೌದು, ಹಾಗೇ ಅನಿಸುತ್ತದೆ ಎಂದ. ಚಾರ್ಜರ್ ಕೊಡಲಿಲ್ಲ. ಅಂಥ ಸಣ್ಣ ವಸ್ತುಗಳು ಬೇರೆಯವರ ಕೈಗೆ ಹೋದರೆ ವಾಪಸು ಬರುವುದಿಲ್ಲ ಎಂಬುದು ಲವೀನಾಳ ಅನುಭವ.

ಇಲ್ಲಿ ನಮ್ಮ ಗಲ್ಫಿನವರ ಟೇಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಊರಿಗೆ ಹೋಗುವಾಗ ರಟ್ಟಿನ ಪೆಟ್ಟಿಗೆ ಕಟ್ಟಿ ಕಟ್ಟಿ ನಮ್ಮ ಕೈಗಳಿಗೆ ಒಂದು ಚಟ ಹತ್ತಿಬಿಟ್ಟಿದೆ. ಪೆಟ್ಟಿಗೆ ಕಂಡರೆ ಟೇಪು ಸುತ್ತಬೇಕು, ಸುತ್ತಿದ ಮೇಲೆ ಹಗ್ಗ ಬಿಗಿಯಬೇಕು, ದಪ್ಪ ಮಾರ್ಕರಿನಲ್ಲಿ ಹೆಸರು ಬರೆಯಬೇಕು. ಬೇರೆಯವರು ಕಟ್ಟಿದ್ದನ್ನು ಬಿಚ್ಚುವುದು ಅವಮಾನ, ಅದರ ಮೇಲೆ ಇನ್ನೊಂದು ಸುತ್ತು ಸುತ್ತುವುದು ಮರ್ಯಾದೆ. ಗಿಲ್ಬರ್ಟ್ ನನ್ನ ಬೂಟಿನ ಡಬ್ಬವನ್ನು ಹಾಲಿನ ಪುಡಿಯ ಪೆಟ್ಟಿಗೆಗೆ ಇಳಿಸಿ, ಸುತ್ತ ಹಳೆಯ ಪೇಪರು ತುಂಬಿ, ಟೇಪು ಹಾಕಿ ಸುರೇಶಣ್ಣನಿಗೆ ಕಳಿಸಿದನಂತೆ. ಸುರೇಶಣ್ಣ ಉಡುಪಿ ಕಡೆಯವರು, ಸಿತ್ರಾದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಪೆಟ್ಟಿಗೆ ಕಂಪೆನಿ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲೇ ಕೂತು ಹೋಯಿತು. ಬಸ್ಸು ಕುಲುಕುತ್ತದೆಂದು ಅವರು ಅದಕ್ಕೊಂದು ಹಳೆಯ ಕಂಬಳಿ ಸುತ್ತಿ ಇನ್ನೂ ದೊಡ್ಡ ಪೆಟ್ಟಿಗೆಗೆ ಹಾಕಿದರು. ಅವರಿಗೆ ಗೊತ್ತಿದ್ದ ‘ನಮ್ಮವರೊಬ್ಬರು’ ಇದ್ದದ್ದು ಹಮದ್ ಟೌನಿನಲ್ಲಿ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ದಿನಗಳು ಹೋಗುತ್ತಿವೆ, ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನಾನು ಗಿಲ್ಬರ್ಟನಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನ್ ಮಾಡಿ, ಸ್ನೇಹಿತ ಜೀವ ತಿನ್ನುತ್ತಿದ್ದಾನೆ ಮಾರಾಯಾ ಎನ್ನುತ್ತಿದ್ದೆ. ಗಿಲ್ಬರ್ಟ್ ಅದನ್ನು ಸಿತ್ರಾಕ್ಕೆ ತಿಳಿಸುತ್ತಿದ್ದ, ಸಿತ್ರಾದಿಂದ ಅದು ಮುಂದಕ್ಕೆ ಹೋಗುತ್ತಿತ್ತು.

ಪ್ರಾಜೆಕ್ಟ್ ಒಪ್ಪಿಸಲು ಇನ್ನು ಬೆರಳೆಣಿಕೆಯ ದಿನಗಳು ಉಳಿದಿರುವಾಗ, ಒಂದು ಶುಕ್ರವಾರ ಮಧ್ಯಾಹ್ನ ಬಾಗಿಲ ಬೆಲ್ ಆಯಿತು. ಟಿವಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಬಾಗಿಲಲ್ಲಿ ನಿಂತಿತ್ತು. ಅದರ ಹಿಂದಿನಿಂದ ಹಮೀದಾಕ ಹೊರಬಂದರು. ಹಮೀದಾಕ ಬಂಟ್ವಾಳದವರು, ಹಮದ್ ಟೌನಿನ ವೃತ್ತವೊಂದರ ಬಳಿ ಅವರ ಕೋಲ್ಡ್ ಸ್ಟೋರ್ ಇದೆ. ಕೋಲ್ಡ್ ಸ್ಟೋರ್ ಎಂದರೆ ಇಲ್ಲಿ ನಮ್ಮೂರಿನ ಜೀನಸಿ ಅಂಗಡಿ. ಅವರ ಹೆಂಡತಿ ಹೆರಿಗೆಗೆ ಸೇರಿದ್ದ ಆಸ್ಪತ್ರೆಯಲ್ಲಿ ಲವೀನಾ ನರ್ಸು. ನನ್ನ ಗಂಡ ಇಡೀ ದಿನ ಕಂಪ್ಯೂಟರಿನ ಮುಂದೆಯೇ ಇರುತ್ತಾರೆ ಎಂದು ಲವೀನಾ ಆಗ ದೂರಿದ್ದಳಂತೆ. ಹೆಂಡತಿಯ ದೂರನ್ನೇ ಶಿಫಾರಸು ಎಂದು ತಿಳಿದು ಬಂದ ಮೊದಲ ಮನುಷ್ಯ ಹಮೀದಾಕ.

ಅವರು ಬೆವರು ಒರೆಸಿಕೊಂಡು, “ಯಾರದ್ದೋ ಲ್ಯಾಪ್‌ಟಾಪ್ ಸಾರ್. ಇಡೀ ಬಹರೈನಲ್ಲಿ ಯಾರಿಂದ್ಲೂ ಆಗ್ಲಿಲ್ಲ ಅಂತೆ. ನಿಮ್ಮ ಹತ್ರ ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ” ಎಂದರು.

ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು, ಕಣ್ಣು ಅರೆಮುಚ್ಚಿ, ಮದರ್‌ಬೋರ್ಡ್ ಎಂದೆ. ಹಮೀದಾಕ ಬೆರಗಾಗಿ, ಸಿತ್ರಾದವರೂ ಅದನ್ನೇ ಹೇಳಿದ್ದು ಎಂದರು. ಮಾಲಿಕ ಎಂಥ ಮನುಷ್ಯನೋ ಏನೋ, ಬೆಳಿಗ್ಗೆ ಸಂಜೆ ಫೋನ್ ಮಾಡಿಸುತ್ತಾನಂತೆ, ಸ್ವಲ್ಪವೂ ತಾಳ್ಮೆಯಿಲ್ಲ ಎಂದು ಬೇಸರಪಟ್ಟುಕೊಂಡರು. ಕೆಲವರು ಹಾಗೆ ಹಮೀದಾಕ, ಬೇರೆಯವರ ಕಷ್ಟ ಅವರಿಗೆ ಗೊತ್ತಾಗುವುದಿಲ್ಲ ಎಂದು ನಾನು ಸಮಾಧಾನ ಹೇಳಿ, ಚಹಾ ಕೊಟ್ಟು ಕಳಿಸಿದೆ.

ಅವರು ಹೋದ ಮೇಲೆ ನಾನು ಮಾಡಿದ್ದೇನೆಂದರೆ ಟೇಪು ಹುಡುಕಿದ್ದು. ಪೆಟ್ಟಿಗೆಯ ಒಂದು ಮೂಲೆ ಸಡಿಲವಾಗಿತ್ತು, ಒಂದು ಸುತ್ತು ಹಾಕಿ ಗಿಲ್ಬರ್ಟನಿಗೆ ದಾಟಿಸುವ ಯೋಚನೆ. ಲವೀನಾ ಅಡ್ಡ ಬಂದಳು. ಒಳಗೆ ಏನಿದೆಯೆಂದು ನೋಡದೆ ಬೇರೆಯವರ ಪೆಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳಲು ತಾನು ಒಪ್ಪುವುದಿಲ್ಲ ಎಂದು ಅಡುಗೆಮನೆಯಿಂದ ಚೂರಿ ತಂದಳು. ಒಂದು ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಕಂಬಳಿ, ಕಂಬಳಿಯೊಳಗೆ ಹಾಲಿನ ಪುಡಿಯ ಪೆಟ್ಟಿಗೆ, ಅದರ ತುಂಬ ಪೇಪರು. ಎಷ್ಟು ಜೋಪಾನ ಮಾಡಿದ್ದಾರೆ ನೋಡು, ಇದಕ್ಕೇ ನಮ್ಮವರು ಅನ್ನುವುದು ಎಂದು ನಾನು ಮೆಚ್ಚಿಕೊಳ್ಳುತ್ತಿರುವಾಗ ನನ್ನ ಬೂಟಿನ ಡಬ್ಬ ಹೊರಬಂತು. ನಾನು ಬಿಗಿದ ಟೇಪು ಹಾಗೇ ಇತ್ತು. ಇಡೀ ದ್ವೀಪ ಸುತ್ತಿ ಬಂದರೂ ಅದನ್ನು ಒಬ್ಬರೂ ಬಿಚ್ಚಿರಲಿಲ್ಲ.

ಲವೀನಾ ನೆಲದ ಮೇಲೆ ಕೂತು ನಕ್ಕಳು. ಅನೀಶಾ ಕೋಣೆಯಿಂದ ಬಂದು, ಟವೆಲು ಬಿಡಿಸಿ, ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ನೋಡಿ ನಾನು ಟೇಪನ್ನು ಕೆಳಗಿಟ್ಟೆ. ತಾಯಿ ಮಗಳು ಚಾರ್ಜರ್ ತೆಗೆದುಕೊಂಡು ಆ ಸಂಜೆಯೇ ಮನಾಮಾಕ್ಕೆ ಹೊರಟುಹೋದರು. ಯಾರ ಪರಿಚಯವೂ ಇಲ್ಲದೆ, ಯಾರ ಹೆಸರೂ ಹೇಳದೆ, ಕಣ್ಣಿಗೆ ಬಿದ್ದ ಅಂಗಡಿಗೆ ನುಗ್ಗಿದರಂತೆ. ಅಂಗಡಿಯವನು ಅಲ್ಲೇ ಬಿಚ್ಚಿ, ಏನೋ ಒಂದು ಭಾಗ ಬದಲಿಸಿ, ಇವರು ಪಕ್ಕದಲ್ಲಿ ಶವರ್ಮಾ ತಿಂದು ಬರುವಷ್ಟರಲ್ಲಿ ಓಡುವಂತೆ ಮಾಡಿ ಕೊಟ್ಟ. ಪ್ರಾಜೆಕ್ಟ್ ಹೊತ್ತಿಗೆ ಸರಿಯಾಗಿ ಶಾಲೆ ಸೇರಿತು. ನನ್ನ ಪಾಲಿನ ಶವರ್ಮಾ ತರುವುದನ್ನು ಮಾತ್ರ ಇಬ್ಬರೂ ಮರೆತಿದ್ದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಮೀದಾಕ ಫೋನ್ ಮಾಡಿ, ಆಯಿತಾ ಎಂದು ಕೇಳಿದರು. ಆಯಿತು ಎಂದುಬಿಟ್ಟೆ. ಅಲ್ಲಾಹು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ, ಮಾಲಿಕನಿಗೆ ತಲುಪಿಸಲು ಈಗಲೇ ಬರುತ್ತೇನೆ ಎಂದರು. ಮಾಲಿಕ ನಾನೇ ಎನ್ನಲು ಬಾಯಿ ಬರಲಿಲ್ಲ. ಲ್ಯಾಪ್‌ಟಾಪ್ ಕೊಡುತ್ತೀಯಾ, ನಾಲ್ಕು ದಿನದಲ್ಲಿ ಸುತ್ತಿಕೊಂಡು ಮನೆಗೇ ಬರುತ್ತದೆ ಎಂದು ಮಗಳನ್ನು ಕೇಳಿದೆ. ಅವಳು ಬಾಗಿಲು ಹಾಕಿಕೊಂಡಳು. ಬೇರೆ ದಾರಿ ಕಾಣದೆ, ಅದೇ ಟವೆಲಿನಲ್ಲಿ ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯನ್ನು ಸುತ್ತಿ, ಅದೇ ಕ್ರಮದಲ್ಲಿ ಡಬ್ಬದ ಮೇಲೆ ಡಬ್ಬ ಹಾಕಿ, ಸಾಧ್ಯವಿದ್ದಷ್ಟು ಟೇಪು ಸುತ್ತಿ ಕೊಟ್ಟೆ. ನಮ್ಮವರು ಬಿಚ್ಚುವುದಿಲ್ಲ ಎಂಬ ಧೈರ್ಯ. ಅವರು ಬಿಚ್ಚಲೂ ಇಲ್ಲ. ಹಮದ್ ಟೌನಿನಿಂದ ಸಿತ್ರಾಕ್ಕೆ, ಸಿತ್ರಾದಿಂದ ಗಿಲ್ಬರ್ಟನಿಗೆ ಬಂದ ಇಸ್ತ್ರಿ ಪೆಟ್ಟಿಗೆಯನ್ನು ಮುಂದಿನ ವಾರ ಅವನು ಹೆಮ್ಮೆಯಿಂದ ನಮ್ಮ ಮನೆಗೇ ತಂದು ಮೇಜಿನ ಮೇಲಿಟ್ಟ. ಯಾರೋ ಒಬ್ಬ ಭಾರೀ ಬುದ್ಧಿವಂತ ಮಾಡಿಕೊಟ್ಟನಂತೆ, ಒಮ್ಮೆ ಚಾಲೂ ಮಾಡಿ ತೋರಿಸಿ, ಸುರೇಶಣ್ಣನಿಗೂ ಹೇಳಬೇಕು ಎಂದ. ನಾನು ಬೇಡ ಬೇಡವೆನ್ನುವಷ್ಟರಲ್ಲಿ ಅವನು ಬಿಚ್ಚತೊಡಗಿದ್ದ.

ಟವೆಲಿನ ಮೇಲೆ ಕೂತ ಇಸ್ತ್ರಿ ಪೆಟ್ಟಿಗೆಯನ್ನು ನೋಡಿ ಗಿಲ್ಬರ್ಟನ ಮುಖ ಕೆಂಪಾಯಿತು. ಆ ರಿಪೇರಿಯವನು ಶುದ್ಧ ಕಳ್ಳ, ಅವನ ಹೆಸರು ಪತ್ತೆ ಮಾಡಿ ಇಗರ್ಜಿಯ ಬಾಗಿಲಲ್ಲೇ ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತೇನೆ ಎಂದು ಸುರೇಶಣ್ಣನಿಗೆ ಫೋನ್ ಹಚ್ಚಿದ. ಅಷ್ಟರಲ್ಲಿ ಅನೀಶಾ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ನೀರು ಕುಡಿಯಲು ಹೊರಗೆ ಬಂದಳು. ಕಳ್ಳನ ಹೆಸರು ಸಿಗಲು ಒಂದು ಫೋನ್ ಸಾಕು, ಕಳವಿನ ಮಾಲು ಕಣ್ಣೆದುರೇ ಇದೆ; ಇನ್ನು ಉಳಿಸಿಕೊಳ್ಳಲು ಏನೂ ಇರಲಿಲ್ಲ. ನಾನು ಗಿಲ್ಬರ್ಟನ ಕೈಯಿಂದ ಫೋನ್ ತೆಗೆದುಕೊಂಡು, ಕೂರಿಸಿ, ಪ್ಲಗ್ ಕಿತ್ತು ಸಿಕ್ಕಿಸಿದ್ದರಿಂದ ಹಿಡಿದು ಇಸ್ತ್ರಿ ಪೆಟ್ಟಿಗೆಯವರೆಗೆ ಎಲ್ಲವನ್ನೂ ಹೇಳಿದೆ. ನನಗೆ ಕಂಪ್ಯೂಟರಿನ ಗಂಧಗಾಳಿಯೂ ಇಲ್ಲ ಎಂದು ಎರಡು ಸಲ ಹೇಳಿದೆ. ಹೇಳುತ್ತ ಹೇಳುತ್ತ ಕಿವಿ ಬಿಸಿಯಾಯಿತು, ಆದರೆ ಮೈ ಹಗುರವಾದ ಹಾಗೂ ಅನಿಸಿತು.

ಗಿಲ್ಬರ್ಟ್ ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಟವೆಲಿನಲ್ಲಿ ಸುತ್ತಿದ. ಕೊನೆಗೆ, ಮನಾಮಾದ ಆ ಅಂಗಡಿಯವನು ನಮ್ಮವನಾ ಎಂದು ಕೇಳಿದ. ಅಲ್ಲ, ಪೇಶಾವರ ಕಡೆಯವನಂತೆ ಎಂದೆ. ಅವನು ತಲೆಯಾಡಿಸಿ ಕೆಳಗಿಳಿದು ಹೋದ. ಸಿಟ್ಟಿನಿಂದ ಹೋದನೆಂದು ನಾನು ತಿಳಿದೆ. ಅವನು ಹೋದದ್ದು ಕಾರಿಗೆ. ಡಿಕ್ಕಿಯಿಂದ ಟೇಪು ಸುತ್ತಿದ ಒಂದು ಪೆಟ್ಟಿಗೆ ಎತ್ತಿಕೊಂಡು ಬಂದು ನನ್ನ ಮುಂದೆ ನಿಂತ.

“ನಮ್ಮ ಮನೆಯ ಪ್ರಿಂಟರ್ ವಿಲ್ಲಿಬಾಬ್. ಗುರ್ತ ಇಲ್ಲದವರ ಕೈಗೆ ಹೇಗೆ ಕೊಡುದು? ನೀವೇ ನೋಡಿ.”

ನನಗೆ ಏನೂ ಗೊತ್ತಿಲ್ಲ ಎಂದು ಈಗಷ್ಟೇ ಹೇಳಿದೆನಲ್ಲ ಮಾರಾಯಾ ಎಂದೆ.

“ಗೊತ್ತಿಲ್ಲದಿದ್ರೆ ಎಂತಾಯ್ತು? ನೀವು ನಮ್ಮವರಲ್ವಾ” ಎಂದು ಅವನು ಪೆಟ್ಟಿಗೆಯನ್ನು ನನ್ನ ಕೈಗಿಟ್ಟ.

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೆ ತುಂಬ ಖುಷಿಯಾಯಿತು.