ಕಟ್ಟಿಗೆಗೆ ನಾನು ಹೊದಿಸಿದ ತಾಡಪತ್ರಿ

ಯಾವ ವಸ್ತುವನ್ನಾದರೂ ಮಳೆಯಿಂದ ಕಾಪಾಡುವ ವಿದ್ಯೆ ನನಗೆ ಕರಗತವಾಗಿದೆ ಎಂದು ಕಳೆದ ಶ್ರಾವಣದವರೆಗೂ ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಿವೃತ್ತನಾಗುವವರೆಗೆ ನಾನು ಬೈಲಹೊಂಗಲದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕಾರಕೂನನಾಗಿದ್ದೆ. ಅಂಗಳದಲ್ಲಿ ಗುಡ್ಡದಂತೆ ಬಿದ್ದ ಹತ್ತಿಗೆ ನೀರಿಳಿಯದ ತಾಡಪತ್ರಿ ಹೊದಿಸಿ ಹಗ್ಗ ಬಿಗಿಸುವ ಕೆಲಸ ನನ್ನ ಕಣ್ಣೆದುರೇ ಆಗಬೇಕಿತ್ತು. "ಕಾರಕೂನರು ನಿಂತು ಕಟ್ಟಿಸ್ಯಾರಂದ್ರ ಒಂದ ಹನಿ ಒಳಗ ಹೋಗೂದಿಲ್ಲ" ಎಂದು ಮಾಲಕರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಈ ಮಾತನ್ನು ನಾನು ಹೆಂಡತಿಗೆ ಎಷ್ಟು ಸಲ ಒಪ್ಪಿಸಿದ್ದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಅವಳು "ಗೊತ್ತೈತಿ ಬಿಡ್ರಿ" ಎಂದು ಒಳಗೆ ಹೋಗುತ್ತಿದ್ದಳು.

ನಮ್ಮ ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ದಿನ ತುಂಬುವುದು ಶ್ರಾವಣದಲ್ಲಿ. ಬಾಣಂತಿಗೆ ದಿನಾ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಸುಡು ನೀರು ಹಾಕಬೇಕು, ಆಮೇಲೆ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡವಿಟ್ಟು ಮೈ ಕಾಸಬೇಕು. ಅದಕ್ಕೆ ಒಣ ಕಟ್ಟಿಗೆ ಬೇಕೇ ಬೇಕು ಎಂದು ನನ್ನ ಹೆಂಡತಿ ಶಾಂತಾ ಬೇಸಿಗೆಯಲ್ಲೇ ಹಟ ಹಿಡಿದಳು.

"ಗೀಸರ್ ಐತೆಲ್ಲ?" ಎಂದೆ.

"ಹೊರಸಿನ ಬುಡಕ ಗೀಸರ್ ಇಡ್ತೀರೇನು?" ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಾ ಸವಿತಾನ್ನ ಹಡದಾಗ ನಮ್ಮವ್ವನ ಮನ್ಯಾಗ ಕಟಗಿ ತೋದಿದ್ವು. ಉಗುರುಬೆಚ್ಚನ ನೀರ ಹಾಕಿದ್ರು. ಆವತ್ತ ಹಿಡದ ಸೊಂಟ ಇನ್ನೂ ಬಿಟ್ಟಿಲ್ಲ. ನನ್ನ ಮಗಳಿಗೆ ಹಂಗ ಆಗಬಾರ್ದು."

ಸಂಗೊಳ್ಳಿಯಲ್ಲಿರುವ ಅವಳ ತಮ್ಮ ಹೊಲದ ಬದುವಿನ ಜಾಲಿ ಗಿಡ ಕಡಿಸಿ, ಒಂದು ಟ್ರ್ಯಾಕ್ಟರ್ ಕಟ್ಟಿಗೆ ಕಳಿಸಿಕೊಟ್ಟ. ಇನ್ನೂ ಅರೆಹಸಿ. ಶಾಂತಾ ಸೊಂಟ ಹಿಡಿದುಕೊಳ್ಳುತ್ತಲೇ ಅದನ್ನು ಹಿತ್ತಲಲ್ಲಿ ಒಟ್ಟಿದಳು. ಬುಡಕ್ಕೆ ಕಲ್ಲು, ಅದರ ಮೇಲೆ ಒಂದು ಸಾಲು ಉದ್ದ, ಒಂದು ಸಾಲು ಅಡ್ಡ, ನಡುವೆ ಧಾರಾಳ ಸಂದಿ. ನೆತ್ತಿಯ ಮೇಲೆ ಎರಡು ಹಳೆಯ ತಗಡು. ನಾಲ್ಕೂ ಕಡೆ ಬಯಲು. ಆ ಒಟ್ಟಿಲಿನ ಸಂದಿಯಿಂದ ನೋಡಿದರೆ ಪಕ್ಕದ ಮನೆಯ ನೀಲವ್ವ ಭಾಂಡೆ ತಿಕ್ಕುವುದು ಸ್ಪಷ್ಟವಾಗಿ ಕಾಣುತ್ತಿತ್ತು.

"ಇದಕ್ಕ ಒಟ್ಟಿಲ ಅಂತಾರೇನು? ಮಳಿ ನಾಲ್ಕೂ ಕಡಿಂದ ಹೊಡೀತೈತಿ."

"ಹೊಡದ್ರ ಗಾಳಿಗೆ ಮತ್ತ ಆರತಾವ. ಹಸಿ ಕಟಗಿಗೆ ಗಾಳಿ ಬೇಕರಿ."

"ಹತ್ತಿನ ಕಾಯ್ದವ ನಾನು. ಹತ್ತಿಗಿಂತ ನಾಜೂಕೇನ ನಿನ್ನ ಕಟಗಿ?"

ಅವಳು ಸೆರಗು ಕೊಡವಿಕೊಂಡು ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಮಗಳನ್ನು ಕರೆತರಲು ಅವಳು ಸವದತ್ತಿಗೆ ಹೋದ ದಿನವೇ ಕಾರ್ಯಾಚರಣೆ ಆರಂಭವಾಯಿತು. ಒಟ್ಟಿಲನ್ನು ಬಿಚ್ಚಿ, ಕಂಪೌಂಡ್ ಗೋಡೆಗೆ ಒತ್ತಿ, ಇರುವೆ ನುಸುಳದಂತೆ ಮತ್ತೆ ಒಟ್ಟಿದೆ. ಬುಡದ ಕಲ್ಲುಗಳನ್ನೂ ತೆಗೆದೆ, ಏಕೆಂದರೆ ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ಪೇಟೆಯಿಂದ ದಪ್ಪನೆಯ ಹೊಸ ತಾಡಪತ್ರಿ ತಂದು ನೆಲದವರೆಗೆ ಹೊದಿಸಿದೆ. ಹಗ್ಗ ಬಿಗಿದೆ. ಅಂಚಿಗೆ ಸುತ್ತಲೂ ಮಣ್ಣು ಮೆತ್ತಿದೆ. ನೀಲವ್ವ ಗೋಡೆಯ ಮೇಲಿಂದ ಇಣುಕಿದಳು. ಅವಳ ಒಟ್ಟಿಲಿನ ನೆತ್ತಿಗೆ ಯಾವುದೋ ಹಳೆಯ ಬ್ಯಾನರ್ ಒಂದೇ ಇತ್ತು, ಬದಿಗಳೆಲ್ಲ ಬಯಲು.

"ಕಾಕಾ, ಉಸರಾಡಾಕರ ಒಂದ ಸಂದಿ ಬಿಡ್ರಿ."

"ಉಸರಾಡಾಕ ಅದೇನ ಕೂಸೇನವಾ ನೀಲವ್ವಾ?"

ಅವಳು ನಕ್ಕಳು. ನಾನೂ ನಕ್ಕೆ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ನಕ್ಕಿದ್ದೆವೆಂದು ಆಮೇಲೆ ತಿಳಿಯಿತು.

ಶಾಂತಾ ಮಗಳೊಂದಿಗೆ ಬಂದವಳು ಹಿತ್ತಲಿಗೆ ಹೋಗಿ ಒಟ್ಟಿಲಿನ ಸುತ್ತ ಒಮ್ಮೆ ತಿರುಗಿದಳು. "ಇನ್ನೂ ಹಸಿ ಅದಾವರಿ" ಎಂದಷ್ಟೇ ಹೇಳಿದಳು. "ಶ್ರಾವಣದಾಗ ನೋಡು" ಎಂದೆ. ಬಸುರಿ ಮಗಳ ಊಟ, ಔಷಧಿ, ದವಾಖಾನೆ ಎಂದು ಓಡಾಡುವುದರಲ್ಲಿ ಅವಳಿಗೆ ನನ್ನೊಡನೆ ಜಗಳವಾಡಲು ಪುರಸೊತ್ತಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮಳೆ ಶುರುವಾಯಿತು. ತಾಡಪತ್ರಿಯ ನೆತ್ತಿಯ ತಗ್ಗಿನಲ್ಲಿ ನೀರು ನಿಂತು ಅಲ್ಲೊಂದು ಪುಟ್ಟ ಕೆರೆಯಾಯಿತು. ಕೆಳಗೆ ನಿಂತು ಕೋಲಿನಿಂದ ಅದನ್ನು ನನ್ನ ಕಡೆಗೇ ಗೋರಿದೆ. ಕೆರೆಯೆಲ್ಲ ನನ್ನ ತಲೆಯ ಮೇಲೆ ಇಳಿಯಿತು. ತೋಯ್ದು ತೊಪ್ಪೆಯಾಗಿ ಒಳಗೆ ಬಂದು, "ಒಂದ ಹನಿ ಒಳಗ ಹೋಗಿಲ್ಲ" ಎಂದು ವರದಿ ಒಪ್ಪಿಸಿದೆ.

ಕೆಲವು ದಿನಕ್ಕೆ ಹಿತ್ತಲಲ್ಲಿ ಹುಳಿಹುಳಿ ವಾಸನೆ ಎದ್ದಿತು. ನಡುವೆ ಮಳೆ ಬಿಟ್ಟು ಒಳ್ಳೆಯ ಬಿಸಿಲೂ ಬಿತ್ತು. "ಬಿಸಲ ಬಿದ್ದೈತಿ, ತಗದ ಒಣಗಸೂಣು ಬರ್ರಿ" ಎಂದಳು ಶಾಂತಾ. "ಸೀಲ್ ಮಾಡಿದ ಮಾಲನ್ನ ನಡುವ ತಗೀಬಾರ್ದು" ಎಂದೆ. ಆ ಬಿಸಿಲು ಮತ್ತೆ ಬರಲಿಲ್ಲ. ಇಂದಿಗೂ ಮೋಡ ಸರಿದು ಬಿಸಿಲು ಬಿದ್ದರೆ ನನಗೆ ಆ ದಿನವೇ ನೆನಪಾಗುತ್ತದೆ.

ಸವಿತಾ ಹೆಣ್ಣು ಮಗುವನ್ನು ಹೆತ್ತು ದವಾಖಾನೆಯಿಂದ ಮನೆಗೆ ಬಂದಳು. ಮರುದಿನ ಮುಂಜಾನೆ ನೀರು ಹಾಕುವುದೆಂದಾಯಿತು. ಜಿಟಿಜಿಟಿ ಮಳೆಯಲ್ಲೇ ನಾನು ಮಡಿಸಿದ ಧೋತರವುಟ್ಟು ಅನಾವರಣಕ್ಕೆ ಸಿದ್ಧನಾದೆ. ಗಂಟುಗಳು ನೀರು ಕುಡಿದು ಊದಿದ್ದವು. ಕುಡಗೋಲಿನಿಂದ ಹಗ್ಗ ಕೊಯ್ದು ತಾಡಪತ್ರಿ ಎತ್ತಿದೆ. ಒಳಗಿನ ಬಿಸಿ ಹಬೆ ಬಂದು ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದೆ. ತಾಡಪತ್ರಿಯ ಒಳಮೈಯಿಂದ ತಟತಟ ನೀರು ತೊಟ್ಟಿಕ್ಕುತ್ತಿತ್ತು. ಬುಡದಲ್ಲಿ ಅಣಬೆಗಳು ಕೊಡೆ ಬಿಚ್ಚಿ ನಿಂತಿದ್ದವು. ಕಟ್ಟಿಗೆಯ ಮೈಮೇಲೆಲ್ಲ ಬೆಳ್ಳಗೆ, ಮೆತ್ತಗೆ ಬೂಸು. ಹತ್ತಿ ಮುಚ್ಚಿ ಪಳಗಿದ ಕೈಯಲ್ಲವೇ? ಕಟ್ಟಿಗೆಯ ಮೇಲೂ ಹತ್ತಿ ಬೆಳೆದಿತ್ತು!

ಅಷ್ಟಕ್ಕೇ ಸುಮ್ಮನಾಗಿದ್ದರೆ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. "ಹೊತ್ತತಾವ ತಡೀ" ಎಂದು ಬಚ್ಚಲ ಒಲೆಗೆ ಅದನ್ನೇ ತುರುಕಿದೆ. ಹಳೆಯ ಪೇಪರು ಹಾಕಿದೆ, ದೀಪದ ಎಣ್ಣೆ ಸುರಿದೆ, ಊದುಗೊಳವೆ ಹಿಡಿದು ಕಣ್ಣು ಕೆಂಪಾಗುವವರೆಗೆ ಊದಿದೆ. ಪೇಪರು ಉರಿಯಿತು, ಎಣ್ಣೆ ಉರಿಯಿತು, ಕಟ್ಟಿಗೆ ಮಾತ್ರ ಸುಂಯ್ ಎಂದು ನೊರೆ ಕಾರಿತು. ಹಂಡೆಯ ನೀರಿಗೆ ಸುದ್ದಿಯೇ ಮುಟ್ಟಲಿಲ್ಲ. ಹೊಗೆ ಮಾತ್ರ ನೇರವಾಗಿ ಬಾಣಂತಿಯ ಕೋಣೆ ಹೊಕ್ಕಿತು. ಮಗು ಕೆಮ್ಮಿ ಅಳತೊಡಗಿತು.

"ಅಪ್ಪಾ, ಸಾಕ ಬಿಡು. ಕೂಸಿಗೆ ಹೊಗಿ ತಡಿಯಾಕ ಆಗವಲ್ದು" ಎಂದು ಸವಿತಾ ಒಳಗಿನಿಂದ ಕೂಗಿದಳು.

ಗೀಸರ್ ಹಾಕಲು ಓಡಿದೆ. ಕರೆಂಟ್ ಇರಲಿಲ್ಲ.

ಹೊಗೆ ಕಂಡು ನೀಲವ್ವ ಓಡಿ ಬಂದಳು. ಒಲೆ ನೋಡಿದಳು, ನನ್ನ ಮುಖ ನೋಡಿದಳು. "ನಮ್ಮ ಹಂಡೇದಾಗ ನೀರ ಕುದ್ಯಾಕ ಹತ್ತಾವ. ಬಾಣಂತೀನ ಕರಕೊಂಡ ಬರ್ರಿ ಕಾಕೂ" ಎಂದು ಶಾಂತಾಳ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡಳು.

ತಲೆಗೆ ಬಟ್ಟೆ ಕಟ್ಟಿಕೊಂಡು, ಕೌದಿ ಹೊದ್ದು, ಹಸಿ ಬಾಣಂತಿ ನನ್ನ ಮಗಳು ಜಿಟಿಜಿಟಿ ಮಳೆಯಲ್ಲಿ ಪರರ ಬಚ್ಚಲಿಗೆ ನಡೆದಳು. ಶಾಂತಾ ಅವಳಿಗೆ ಕೊಡೆ ಹಿಡಿದಿದ್ದಳು. ಇನ್ನೊಂದು ಕೈಯನ್ನು ತನ್ನ ಸೊಂಟಕ್ಕೆ ಒತ್ತಿಕೊಂಡಿದ್ದಳು. ನನ್ನತ್ತ ತಿರುಗಿಯೂ ನೋಡದೆ ಮುಂದೆ ನಡೆದಳು. ಬೈದಿದ್ದರೆ ಹಗುರಾಗುತ್ತಿತ್ತು. ಒಂದೇ ಒಂದು ಬೇಡಿಕೆ ಅವಳದು, ಅದನ್ನೂ ನನ್ನ ಜಾಣತನಕ್ಕೆ ಬಲಿ ಕೊಟ್ಟೆನಲ್ಲ ಎಂದು ಆ ಹೊಗೆಯಲ್ಲಿ ನಿಂತು ನಿಜವಾಗಿಯೂ ಅತ್ತೆ. ಹೊಗೆಯಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಬಾಣಂತನ ಮುಗಿಯುವವರೆಗೂ ನೀಲವ್ವನ ಕಟ್ಟಿಗೆಯನ್ನು ದಿನಾ ಮುಂಜಾನೆ ಹೊತ್ತು ತಂದವನು ನಾನೇ. ಅವಳ ಒಟ್ಟಿಲಿನಿಂದ ಎಳೆದುಕೊಂಡ ಮೇಲೆ ಬ್ಯಾನರ್ ಸರಿಪಡಿಸಲು ಕೈಯೆತ್ತಿದರೆ ಸಾಕು, "ಕಾಕಾ, ಅದನ್ನ ಮುಟ್ಟಬ್ಯಾಡ್ರಿ" ಎಂದು ಒಳಗಿನಿಂದ ದನಿ ಬರುತ್ತಿತ್ತು.

ತಾಡಪತ್ರಿ ಮಾತ್ರ ವ್ಯರ್ಥವಾಗಲಿಲ್ಲ. ಶಾಂತಾ ಅದನ್ನು ತೊಳೆದು, ಒಣಗಿಸಿ, ಕತ್ತರಿಸಿ ಮಗುವಿನ ಹಾಸಿಗೆಯ ಕೆಳಗೆ ಹಾಸಿದಳು. ಮೊನ್ನೆ ಮೊಮ್ಮಗಳನ್ನು ನನ್ನ ತೊಡೆಗೆ ಕೊಡುವಾಗಲೂ ಒಂದು ತುಂಡು ಚಾಚಿದಳು.

"ಇದನ್ನ ಹಾಸ್ಕೋರಿ. ಸುಮ್ನ ಹಾಸ್ಕೋರಿ, ಮತ್ತೇನೂ ಮಾಡಬ್ಯಾಡ್ರಿ."

ಅವಳು ಅತ್ತ ತಿರುಗಿದ ಮೇಲೆ, ಕೂತಿದ್ದ ಹೊಸ ಜಮಖಾನ ತೋಯಬಾರದೆಂದು ನಾನು ಅಂಚುಗಳನ್ನು ನಾಲ್ಕೂ ಕಡೆ ಮೇಲಕ್ಕೆ ಮಡಚಿ ಧೋತರಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೆ. ಮಗು ತನ್ನ ಕೆಲಸ ಮಾಡಿತು. ಜಮಖಾನದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅಷ್ಟೂ ನನ್ನ ಮಡಿಲಲ್ಲೇ ನಿಂತಿತ್ತು.